ಹೊಸಕಟ್ಟೆಯ ಅಂತರಗಂಗೆ

ಹೋದ ಭಾನುವಾರ ಶುಭ ಗೆಳತಿಯ ಮನೆಯಿಂದ ಒಂದು ಗಿಡ ತಂದಳು. ಪ್ಲಾಸ್ಟಿಕ್ ಚೀಲದಲ್ಲಿ ನೀರು, ನೀರಿನಲ್ಲಿ ಗಿಡ, ಗಿಡದ ನೆತ್ತಿಯ ಮೇಲೆ ತಿಳಿನೇರಳೆ ಹೂವಿನ ಗೊಂಚಲು. ಮೇಲಿನ ಎಸಳಿನಲ್ಲಿ ನವಿಲುಗರಿಯ ಕಣ್ಣಿನ ಹಾಗೆ ಒಂದು ಹಳದಿ ಬೊಟ್ಟು. ಮನೆಯ ಮುಂದಿನ ತೊಟ್ಟಿಯಲ್ಲಿ ಬಿಡುತ್ತೇನೆ ಎಂದು ಸಂಭ್ರಮದಿಂದ ಓಡಾಡುತ್ತಿದ್ದಳು. ನಾನು ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡು ತಾರಸಿಗೆ ಹೋದೆ. ನೀರು ಚೆಲ್ಲಿ, ಗಿಡವನ್ನು ಕಾದ ನೆಲದ ಮೇಲೆ ತಲೆಕೆಳಗು ಮಾಡಿ ಇಟ್ಟು ಬಂದೆ.

ಶುಭ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮಧು ಮಾತ್ರ ಊಟಕ್ಕೆ ಕೂತಾಗ, "ಅಜ್ಜಿ ಇರುವೆಗೂ ದಾರಿ ಬಿಡೋರು. ಆ ಹೂವಿನ ಗಿಡ ಏನ್ಮಾಡಿತ್ತೋ ಪಾಪ" ಎಂದು ರೇಗಿಸಿದ. ನಾನು ನಕ್ಕೆ. ಇವತ್ತು ಸಂಜೆ ಸಂಡಿಗೆ ತೆಗೆಯಲು ಮೇಲೆ ಹೋದಾಗ ಅರ್ಧ ಒಣಗಿದ ಆ ಗಿಡದ ವಾಸನೆ ಬಂತು. ನೆನೆದ ಗೋಣಿಚೀಲದ ವಾಸನೆ, ಕೆರೆಯ ಕೆಸರಿನದು, ಅದರೊಳಗೆ ಸ್ವಲ್ಪ ಮೀನಿನದು. ಸಂಡಿಗೆಯ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಐವತ್ತು ವರ್ಷದ ಹಿಂದೆ ಒಂದು ಬೇಸಿಗೆಯಿಂದ ದಸರೆಯವರೆಗೆ ನಮ್ಮ ಮನೆಯೆಲ್ಲ ಇದೇ ವಾಸನೆ.

ಎದುರಿಗೆ ಕೂತು ಹೇಳುವುದು ನನಗೆ ಆಗದ ಕೆಲಸ. ಅದಕ್ಕೆ ಬರೆಯುತ್ತಿದ್ದೇನೆ. ಶುಭ, ಮಧು, ಇಬ್ಬರೂ ಓದಿ.

ಸ್ವಾತಂತ್ರ್ಯ ಬಂದು ಹತ್ತು ವರ್ಷ ಕಳೆದಿತ್ತು. ನನಗೆ ಮದುವೆಯಾಗಿ ಒಂದೂವರೆ ವರ್ಷ. ನಿಮ್ಮ ಅಪ್ಪ ಇನ್ನೂ ಹುಟ್ಟಿರಲಿಲ್ಲ. ನಿಮ್ಮ ತಾತ ಕಡಕೊಳದ ಆಚೆಯ ನಮ್ಮ ಊರಿನಿಂದ ಎರಡು ಜೊತೆ ಎತ್ತು, ಎರಡು ಗಾಡಿ ತಂದು ಮೈಸೂರಿನಲ್ಲಿ ಮನೆ ಕಟ್ಟುವವರಿಗೆ ಕಲ್ಲು, ಮರಳು ಹೊಡೆಯುತ್ತಿದ್ದರು. ನಂಜನಗೂಡು ರಸ್ತೆಯ ಕಡೆ ಒಂದು ನಾಡಹೆಂಚಿನ ಮನೆ ಬಾಡಿಗೆಗೆ ಸಿಕ್ಕಿತ್ತು. ಹಿತ್ತಲ ಬಾಗಿಲು ತೆಗೆದರೆ ಕೆರೆಯ ಏರಿ. ಆ ಕೆರೆಯನ್ನು ಜನ ಹೊಸಕಟ್ಟೆ ಎನ್ನುತ್ತಿದ್ದರು. ಈಗ ಹುಡುಕಬೇಡಿ, ಅದರ ಮೇಲೆ ಮನೆಗಳು ಎದ್ದು ಎಷ್ಟೋ ವರ್ಷವಾಯಿತು.

ನಾನು ಆ ಮನೆಗೆ ಹೋದ ಮೊದಲ ದಿನ ಹಿತ್ತಲಿಗೆ ಬಂದು ನೋಡಿ, ಯಾರದೋ ಸೊಪ್ಪಿನ ಹೊಲ ಎಂದುಕೊಂಡೆ. ನೀರು ಒಂದು ಬೊಗಸೆಯಷ್ಟೂ ಕಾಣುತ್ತಿರಲಿಲ್ಲ. ಏರಿಯಿಂದ ಏರಿಗೆ ಒಂದೇ ಹಸಿರು, ಹಸಿರಿನ ಮೇಲೆ ತಿಳಿನೇರಳೆ ಹೂ. ನಮ್ಮ ಊರು ಒಣಭೂಮಿ. ರಾಗಿ, ಹುರುಳಿ, ಹುಚ್ಚೆಳ್ಳು ಬಿಟ್ಟರೆ ಬೇರೆ ಬಣ್ಣ ಕಂಡವಳಲ್ಲ ನಾನು. ಆ ಹೂವನ್ನು ನೋಡುತ್ತ ಒಲೆಯ ಮೇಲಿಟ್ಟ ಹಾಲು ಉಕ್ಕಿಸಿದ್ದೆ. ಆಮೇಲೆ ತಾತ ಹೇಳಿದರು, ಅದು ಅಂತರಗಂಗೆ, ಎಲ್ಲಿಂದಲೋ ಬಂದು ಸೇರಿಕೊಂಡಿರುವ ಪೀಡೆ, ಮೂರು ವರ್ಷದ ಕೆಳಗೆ ಮೂಲೆಯಲ್ಲಿ ಒಂದಿಷ್ಟಿತ್ತಂತೆ. ಯಾರೋ ದೊಡ್ಡವರ ತೋಟದ ಕೊಳದಿಂದ ಬಂತು ಎಂದು ಕೆಲವರು, ಮಳೆಗಾಲದಲ್ಲಿ ಕಾಲುವೆಯಲ್ಲಿ ತೇಲಿ ಬಂತು ಎಂದು ಕೆಲವರು. ಎಮ್ಮೆಗಳು ನೀರಿಗೆ ಇಳಿಯುವುದನ್ನು ಬಿಟ್ಟಿದ್ದವು. ಬಟ್ಟೆ ಒಗೆಯುವವರು ಬೇರೆ ಕೆರೆಗೆ ಹೋಗಿದ್ದರು. ಸಂಜೆಯಾದರೆ ಸೊಳ್ಳೆಗೆ ಹೆದರಿ ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಅದನ್ನು ತೆಗೆಸಲು ಸರ್ಕಾರದಿಂದ ಅನುದಾನ ಮಂಜೂರಾಗಿದೆ, ಟೆಂಡರ್ ಕರೆದಿದ್ದಾರೆ ಎಂಬ ಸುದ್ದಿಯನ್ನು ತಾತ ಆ ಮಾಘಮಾಸದಲ್ಲಿ ತಂದರು. ಹೊಸಕಟ್ಟೆ ಮೊದಲು. ಇದನ್ನು ಚೆನ್ನಾಗಿ ಮಾಡಿದವರಿಗೆ ಮುಂದಿನ ವರ್ಷ ಕಡಕೊಳದ ಕಡೆಯ ಒಂದು ಕೆರೆ, ಮೇಟಗಳ್ಳಿ ಕಡೆಯ ಒಂದು ಕೆರೆ. ಅಲ್ಲಿಯವರೆಗೆ ತಾತ ಬೇರೆಯವರ ಕಂಟ್ರಾಕ್ಟಿಗೆ ಗಾಡಿ ಹೊಡೆದವರು. ತಮ್ಮ ಹೆಸರಿನಲ್ಲೇ ಒಂದು ಕಂಟ್ರಾಕ್ಟು ಬರಬೇಕು ಎಂಬುದು ಅವರ ಮನಸ್ಸಿನಲ್ಲಿ ಎಷ್ಟು ಕಾಲದಿಂದ ಇತ್ತೋ ನನಗೆ ಗೊತ್ತಿಲ್ಲ. ಟೆಂಡರಿನ ಕಾಗದವನ್ನು ನನ್ನ ಮುಂದೆ ಇಟ್ಟು, "ಇದನ್ನ ಓದು, ಆಮೇಲೆ ತುಂಬು" ಎಂದರು.

ನಿಮ್ಮ ತಾತನಿಗೆ ಓದು ಬರುತ್ತಿರಲಿಲ್ಲ. ಇದು ನಿಮ್ಮ ಅಪ್ಪನಿಗೂ ತಿಳಿದಿರಲಾರದು. ಗಾಡಿಯ ಮರಳನ್ನು ಕಣ್ಣಲ್ಲೇ ಅಳೆದು ಹೇಳುತ್ತಿದ್ದರು, ಯಾವ ಲೆಕ್ಕವಿದ್ದರೂ ಬಾಯಲ್ಲೇ. ಆದರೆ ಅಕ್ಷರ ಎಂದರೆ ಅವರ ರುಜು ಅಷ್ಟೇ. ನಾನು ಊರಿನ ಶಾಲೆಯಲ್ಲಿ ಮಿಡಲ್ ಸ್ಕೂಲು ಮುಗಿಸಿದ್ದೆ. ಕಾಪಿ ಪುಸ್ತಕ ತಿದ್ದಿ ತಿದ್ದಿ ಅಕ್ಷರ ಗುಂಡಗಿತ್ತು. ಮೊದಲ ಸಾಲಿಗೇ ಸಿಕ್ಕಿಹಾಕಿಕೊಂಡೆ. ಗುತ್ತಿಗೆದಾರರ ಹೆಸರು ಬರೆಯಬೇಕು. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂದು ಅಮ್ಮ ಹೇಳಿಕೊಟ್ಟಿದ್ದಳು. ಬರೆಯಬಹುದೋ ಬಾರದೋ ಹೇಳಿರಲಿಲ್ಲ. ಬಹಳ ಹೊತ್ತು ಲೇಖನಿ ಹಿಡಿದು ಕೂತು, ಕೊನೆಗೆ ಬರೆದೆ. ಬರೆದ ಮೇಲೆ ಅದನ್ನು ಸೆರಗಿನಿಂದ ಮುಚ್ಚಿಕೊಂಡು ಮಿಕ್ಕದ್ದನ್ನು ತುಂಬಿದೆ.

ಷರತ್ತುಗಳನ್ನು ಒಂದೊಂದಾಗಿ ಓದಿ ಹೇಳಿದೆ. ಏಳನೆಯದು ಇವತ್ತಿಗೂ ನೆನಪಿದೆ. ಕೆರೆಯನ್ನು ಶುಚಿಮಾಡಿದ ದಿನದಿಂದ ಮೂರು ತಿಂಗಳು ಕಳೆ ಮತ್ತೆ ಕಾಣಿಸಿಕೊಳ್ಳಕೂಡದು. ಕಾಣಿಸಿಕೊಂಡರೆ ಗುತ್ತಿಗೆದಾರನೇ ಸ್ವಂತ ಖರ್ಚಿನಲ್ಲಿ ತೆಗೆಸಬೇಕು, ಮತ್ತು ಅದು ಗುತ್ತಿಗೆದಾರನ ಕಡೆಯ ತಪ್ಪು ಎಂದು ಕಂಡುಬಂದರೆ ಅವನ ಹೆಸರನ್ನು ಮುಂದಿನ ಕೆಲಸಗಳಿಗೆ ಪರಿಗಣಿಸುವುದಿಲ್ಲ. ತಾತ ಎರಡು ಸಲ ಓದಿಸಿದರು. ಆಮೇಲೆ "ಆಗಲಿ" ಎಂದು ರುಜು ಹಾಕಿದರು.

ಟೆಂಡರ್ ನಮಗೇ ಆಯಿತು. ಕಚೇರಿಯ ಓವರ್ಸಿಯರ್ ರಾಯರು ಆ ಕಾಗದ ನೋಡಿ, "ಯಾರು ಬರೆದದ್ದು ಗೌಡ್ರೇ, ಅಕ್ಷರ ಜೋಡಿಸಿಟ್ಟ ಹಾಗಿದೆ" ಎಂದು ಕೇಳಿದರಂತೆ. ನಮ್ಮ ಬೀದಿಯ ಒಬ್ಬರು ಮೇಷ್ಟ್ರು ಎಂದು ತಾತ ಹೇಳಿಬಂದರು. ಅವತ್ತಿನಿಂದ ಮನೆಯಲ್ಲಿ ನನಗೆ ಅದೇ ಹೆಸರು. "ಮೇಷ್ಟ್ರೇ, ಬಿಸಿನೀರು ಕಾದಿದೆಯಾ?" "ಮೇಷ್ಟ್ರು ಇವತ್ತು ಸಾರಿಗೆ ಉಪ್ಪು ಮರೆತವ್ರೆ." ಗಂಡ ಹಾಗೆ ಕರೆದರೆ ಹೆಂಡತಿ ನಗಬೇಕೋ ಬಾರದೋ ಎಂದು ತಿಳಿಯದೆ ಒಳಗೆ ಹೋಗಿ ನಗುತ್ತಿದ್ದೆ.

ನೀರು ಇಳಿದಿದ್ದ ಚೈತ್ರದಲ್ಲಿ ಕೆಲಸ ಶುರುವಾಯಿತು. ಮಂಡಕಳ್ಳಿಯ ಕಡೆಯಿಂದ ಹನ್ನೆರಡು ಹೆಂಗಸರು ಬಂದರು. ಅವರಿಗೆಲ್ಲ ಹಿರಿಯಳು ನಿಂಗಮ್ಮ. ನಲವತ್ತು ದಾಟಿದವಳು, ಒಣಗಿದ ಹುಣಿಸೆಬರಲಿನ ಹಾಗಿದ್ದಳು. ಸೀರೆಯನ್ನು ಕಚ್ಚೆ ಹಾಕಿ ಕಟ್ಟಿ ಎದೆಮಟ್ಟದ ನೀರಿಗೆ ಇಳಿದರೆ ಮಧ್ಯಾಹ್ನದ ಬುತ್ತಿಗೇ ಮೇಲೆ ಬರುತ್ತಿದ್ದುದು. ತೆಂಗಿನ ಹಗ್ಗಕ್ಕೆ ಬಿದಿರು ಕಟ್ಟಿ, ಹಗ್ಗದ ಎರಡು ತುದಿಯನ್ನು ಎರಡು ಕಡೆಯಿಂದ ಹಿಡಿದು, ತೇಲುವ ಹಸಿರನ್ನು ದಡಕ್ಕೆ ದನ ಅಟ್ಟಿದ ಹಾಗೆ ಅಟ್ಟಿಕೊಂಡು ಬರುತ್ತಿದ್ದರು. ದಡದಲ್ಲಿ ಮಿಕ್ಕವರು ಎಳೆದು, ಬುಟ್ಟಿಗೆ ತುಂಬಿ, ಏರಿಯ ಆಚೆಯ ಬಂಡೆಯ ಮೇಲೆ ಹಾಕಬೇಕು.

ಹಾಕುವುದಕ್ಕೂ ನಿಂಗಮ್ಮನದೇ ಒಂದು ಕ್ರಮ. ಗುಡ್ಡೆ ಹಾಕಲು ಬಿಡುತ್ತಿರಲಿಲ್ಲ. ಒಂದೊಂದು ಗಿಡವನ್ನೂ ತಲೆಕೆಳಗು ಮಾಡಿ, ಕರಿಯ ಬೇರು ಆಕಾಶ ನೋಡುವ ಹಾಗೆ ಹರಡಬೇಕು. ಒಬ್ಬ ಹುಡುಗಿ ಬೇಸರಪಟ್ಟು ಬುಟ್ಟಿಯನ್ನು ಹಾಗೇ ಸುರಿದಾಗ ನಿಂಗಮ್ಮ ಅವಳನ್ನು ಕರೆದು ಗುಡ್ಡೆಯನ್ನು ಕೆದಕಿ ತೋರಿಸಿದಳು. ಮೇಲೆ ಒಣಗಿದ್ದರೂ ಒಳಗೆ ಹಸಿ, ಹಸಿಯಲ್ಲಿ ಹೊಸ ಕುಡಿ. "ಇದು ಸತ್ತಂಗೆ ಮಲಗಿರ್ತದೆ ಕಣಮ್ಮಿ. ಒಂದು ಮಳೆ ಬಿದ್ರೆ ಎದ್ದು ಕೂತ್ಕೊಂಡು ನಿನ್ನೇ ಮಾತಾಡಿಸ್ತದೆ" ಎಂದಳು. ಎಲ್ಲರೂ ನಕ್ಕರು. ಆ ಹುಡುಗಿ ಅವತ್ತು ಸಂಜೆಯವರೆಗೂ ಒಂದೊಂದನ್ನೇ ತಿರುಗಿಸಿದಳು.

ನಾನು ಹಿತ್ತಲ ಬಾಗಿಲ ಸಂದಿಯಿಂದ ಇದನ್ನೆಲ್ಲ ನೋಡುತ್ತಿದ್ದೆ. ಕಂಟ್ರಾಕ್ಟರ ಹೆಂಡತಿ ಎಂದು ಎದುರಿಗೆ ಹೋಗಲು ನಾಚಿಕೆ. ಮಧ್ಯಾಹ್ನ ಮಜ್ಜಿಗೆಯ ಕೊಡವನ್ನು ಹೊಸ್ತಿಲ ಮೇಲಿಟ್ಟು ಒಳಗೆ ಸರಿಯುತ್ತಿದ್ದೆ. ನಿಂಗಮ್ಮ ಒಂದು ದಿನ ಕೊಡ ಹಿಂದಕ್ಕೆ ಕೊಡಲು ಬಂದವಳು, "ನಮ್ಮವ್ವ ಮಾತಾಡೋದಿಲ್ವಾ? ಮಜ್ಜಿಗೆ ಚೆನ್ನಾಗೈತೆ, ಮೂಗಿ ಮಾಡಿದ್ದಲ್ಲ ಇದು" ಎಂದಳು. ನಾನು ಏನೋ ಹೇಳಬೇಕೆಂದು, ಆ ಹೂ ಚೆನ್ನಾಗಿದೆ ಎಂದೆ. ಮಾರನೆಯ ದಿನ ಅವಳು ಕೆಲಸ ಮುಗಿಸಿ ಹೋಗುವಾಗ ಹೂಬಿಟ್ಟ ಒಂದು ಗಿಡವನ್ನು ಬೇರು ಸಮೇತ ತಂದು ಹಿತ್ತಲ ಕಲ್ಲುಬಾನಿಯ ನೀರಿಗೆ ಬಿಟ್ಟಳು. ಕಿತ್ತ ಹೂ ಗಳಿಗೆಯೂ ತಾಳುವುದಿಲ್ಲ, ಗಿಡದಲ್ಲೇ ಇರಲಿ ಎಂದಳು. "ಬಾನಿ ಬಿಟ್ಟು ಆಚೆ ಹೋಗದಂಗೆ ನೋಡ್ಕೊ" ಎಂದೂ ಹೇಳಿದಳು. ಮೈಸೂರಿಗೆ ಬಂದ ಮೇಲೆ, ತವರಿನ ಬಾಗಿನ ಬಿಟ್ಟರೆ, ನನಗಾಗಿ ಎಂದು ಒಬ್ಬರು ತಂದುಕೊಟ್ಟ ಮೊದಲ ವಸ್ತು ಅದು.

ಜ್ಯೇಷ್ಠ ಮುಗಿಯುವ ಹೊತ್ತಿಗೆ ಹೊಸಕಟ್ಟೆಯಲ್ಲಿ ನೀರು ಕಂಡಿತು. ಕೊನೆಯ ಎಂಟು ದಿನ ನಿಂಗಮ್ಮ ಯಾರನ್ನೂ ನಂಬದೆ ತಾನೇ ದಡದ ಸುತ್ತ ಜೊಂಡಿನೊಳಗೆ ಕೈಯಾಡಿಸುತ್ತ, ಕಾಸಿನಗಲದ ಕುಡಿಯನ್ನೂ ಬಿಡದೆ ಬುಟ್ಟಿಗೆ ಹಾಕಿಕೊಂಡಳು. ಓವರ್ಸಿಯರ್ ರಾಯರು ಬಂದು ಅಳತೆ ಹಿಡಿದರು. "ಒಂದು ಎಲೆ ಬುಟ್ಟಿದ್ರೂ ನನ್ನ ಕೇಳಿ ಸ್ವಾಮಿ" ಎಂದು ನಿಂಗಮ್ಮ ಅವರ ಮುಂದೆಯೇ ಹೇಳಿದ್ದು ನನಗೆ ಒಳಗೆ ಕೇಳಿಸಿತು. ಮುಂದಿನ ವರ್ಷದ ಎರಡು ಕೆರೆಗೂ ನೀನೇ ಬರಬೇಕು ಎಂದು ತಾತ ಅವಳಿಗೆ ಮಾತು ಕೊಟ್ಟರು. ಆಷಾಢದ ಗಾಳಿಗೆ ನೀರು ಅಲೆಯಾಗಿ ಏರಿಗೆ ಬಡಿಯುತ್ತಿತ್ತು. ಅಷ್ಟು ದಿನ ಆ ಸದ್ದೇ ಇರಲಿಲ್ಲವಲ್ಲ ಎಂದು ಆಗ ಹೊಳೆಯಿತು. ಬಟ್ಟೆ ಒಗೆಯುವವರು ಹಿಂದಕ್ಕೆ ಬಂದರು. ಮೂರು ತಿಂಗಳನ್ನು ತಾತ ಗೋಡೆಯ ಮೇಲೆ ಇದ್ದಿಲ ಗೆರೆ ಎಳೆದು ಎಣಿಸುತ್ತಿದ್ದರು.

ಅದರ ನಡುವೆ ಗೌರಿಹಬ್ಬ ಬಂತು. ಹಿಂದಿನ ವರ್ಷ ತವರಿನಿಂದ ಬಾಗಿನ ಬಂದಿತ್ತು. ಈ ವರ್ಷ ಅಮ್ಮ ಇರಲಿಲ್ಲ. ಕಾರ್ತಿಕದಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ನಾನೇ ಕೆರೆಯಿಂದ ಮರಳು ತಂದು ಗೌರಿಯನ್ನು ಕೂರಿಸಿದೆ. ಬಾನಿಯಲ್ಲಿದ್ದ ಗಿಡ ಅದೇ ಹೊತ್ತಿಗೆ ಮತ್ತೆ ಹೂಬಿಟ್ಟಿತ್ತು. ಕಿತ್ತರೆ ಬಾಡುತ್ತದೆಂದು ಗಿಡವನ್ನೇ ಎತ್ತಿ, ಬುಡಕ್ಕೆ ಅರಿಶಿನದ ದಾರ ಸುತ್ತಿ, ನೀರಿನ ಬಟ್ಟಲಲ್ಲಿ ಗೌರಿಯ ಬಲಕ್ಕೆ ಇಟ್ಟೆ. ಗೌರಿ ಅವತ್ತು ಎಷ್ಟು ಚೆನ್ನಾಗಿ ಕಂಡಳೆಂದರೆ, ಅಕ್ಕಪಕ್ಕದವರು ಬಂದು ನಿಂತು ನೋಡಿ ಹೋದರು.

ಮೂರನೆಯ ದಿನ ಕಳಿಸುವುದು. ಗೌರಿ ತವರಿಗೆ ಬಂದು ಗಂಡನ ಮನೆಗೆ ಹೊರಟ ಮಗಳು. ಮೊಸರನ್ನದ ಬುತ್ತಿ ಕಟ್ಟಿ ಮಡಿಲು ತುಂಬಿ ಕಳಿಸಬೇಕು. ಅವಳಿಗೆ ಇಟ್ಟದ್ದರಲ್ಲಿ ಒಂದು ಎಸಳನ್ನೂ ಹಿಂದಕ್ಕೆ ತೆಗೆಯಬಾರದು ಎಂದು ಅಮ್ಮ ಪ್ರತಿ ವರ್ಷ ಹೇಳುತ್ತಿದ್ದಳು. ಹಾಗೇ ಮಾಡಿದೆ. ಮೊರದಲ್ಲಿ ಗೌರಿ, ಬುತ್ತಿ, ವೀಳ್ಯ, ಹೂ ಎಲ್ಲವನ್ನೂ ಇಟ್ಟುಕೊಂಡು ಮೆಟ್ಟಿಲಿಳಿದು ಹೊಸಕಟ್ಟೆಯ ನೀರಿಗೆ ಬಿಟ್ಟೆ. ಅಮ್ಮನ ನೆನಪಾಗಿ ಕಣ್ಣು ಮಂಜಾಗಿತ್ತು. ಹೂ ಅಲೆಯ ಮೇಲೆ ತೇಲುತ್ತ ದೂರ ಹೋಗುವುದನ್ನು ನೋಡುತ್ತ ನಿಂತಿದ್ದೆ. ಏಳನೆಯ ಷರತ್ತನ್ನು ಎರಡೆರಡು ಸಲ ಓದಿದವಳು ನಾನೇ. ಆದರೂ ಆ ಗಳಿಗೆಯಲ್ಲಿ ನನ್ನ ಕೈಯಲ್ಲಿ ಇದ್ದದ್ದು ಕಳೆ ಎಂದು ಹೊಳೆಯಲೇ ಇಲ್ಲ. ಅದು ಗೌರಿಯ ಹೂ.

ಪಿತೃಪಕ್ಷದಲ್ಲಿ ಒಂದು ಬೆಳಿಗ್ಗೆ ತಾತ ಏರಿಯ ಮೇಲಿಂದ ಬಂದು ಜಗಲಿಯ ಮೇಲೆ ಕೂತರು. ಮೇಷ್ಟ್ರೇ ಎಂದು ಕರೆಯಲಿಲ್ಲ. ನೀರು ಕೊಟ್ಟೆ, ಕುಡಿಯಲಿಲ್ಲ. ದಕ್ಷಿಣದ ಮೂಲೆಯ ಜೊಂಡಿನ ಮರೆಯಲ್ಲಿ ಎರಡು ಚಾಪೆಯಷ್ಟಗಲ ಹಸಿರು ಎದ್ದಿದೆ ಎಂದರು. ಗಾಳಿ ಎಲ್ಲವನ್ನೂ ಆ ಮೂಲೆಗೇ ತಳ್ಳುತ್ತಿತ್ತು. ಮೂರು ತಿಂಗಳು ತುಂಬಲು ಇನ್ನು ಒಂಬತ್ತು ದಿನ ಇತ್ತು. ಓವರ್ಸಿಯರ್ ರಾಯರೂ ಕಂಡಿದ್ದರು. ನನಗೆ ಗೌರಿಯ ಜೊತೆ ಬಿಟ್ಟ ಗಿಡ ನೆನಪಾಯಿತು. ಆದರೂ ಒಂದು ಮನಸ್ಸು, ನಿನ್ನದೇ ಇರಬೇಕೆಂದೇನು, ಕಾಲುವೆಯಿಂದ ಬಂದಿರಬಹುದು ಎಂದಿತು. ಆ ಮನಸ್ಸಿನ ಮಾತನ್ನೇ ಹಿಡಿದುಕೊಂಡು ಅಡುಗೆಮನೆಗೆ ಹೋದೆ.

ಹತ್ತು ಗಂಟೆಯ ಹೊತ್ತಿಗೆ ರಾಯರೇ ಬಂದರು. ಕೆಟ್ಟವರಲ್ಲ ಅವರು, ತಾತನಿಗೆ ಒಳ್ಳೆಯದಾಗಲಿ ಎಂದೇ ಬಂದದ್ದು. ದಾರಿ ಹೇಳಿಕೊಟ್ಟರು. ಕೂಲಿಯವರು ಆ ಮೂಲೆಯಲ್ಲಿ ಬೇಕೆಂತಲೇ ಬಿಟ್ಟಿದ್ದರು, ಅವರನ್ನು ಕೆಲಸದಿಂದ ತೆಗೆದಿದ್ದೇನೆ ಎಂದು ಬರೆದುಕೊಟ್ಟರೆ ಸಾಹೇಬರು ಒಂದು ತಿಂಗಳ ವಾಯಿದೆ ಕೊಡುತ್ತಾರೆ, ಗುತ್ತಿಗೆದಾರನ ತಪ್ಪಾಗುವುದಿಲ್ಲ, ಮುಂದಿನ ಎರಡು ಕೆರೆಗೂ ತೊಂದರೆಯಿಲ್ಲ. ಆ ಹೆಂಗಸರಿಗೆ ಏನಾಗುತ್ತದೆ ಎಂದು ತಾತ ಕೇಳಿದರು. "ಆಗೋದೇನು? ಅವರ ಹೆಸರು ಬರೆದಿಟ್ಟುಕೊಳ್ತಾರೆ, ಸರ್ಕಾರದ ಕೆಲಸಕ್ಕೆ ಯಾರೂ ಕರೆಯೋದಿಲ್ಲ, ಅಷ್ಟೇ" ಎಂದರು ರಾಯರು. ಸೋಮವಾರದೊಳಗೆ ಕಾಗದ ತರಬೇಕೆಂದು ಹೇಳಿ ಹೋದರು.

ತಾತ ನಿಂಗಮ್ಮನಿಗೆ ಹೇಳಿಕಳಿಸಿದರು. ಅವಳು ಮಧ್ಯಾಹ್ನದ ಬಿಸಿಲಿನಲ್ಲಿ ಮಂಡಕಳ್ಳಿಯಿಂದ ನಡೆದು ಬಂದಳು. ಮೊದಲು ಮೂಲೆಯನ್ನು ನೋಡಿಬಂದು ಅಂಗಳದಲ್ಲಿ ನಿಂತಳು.

"ಆ ಮೂಲೇಲಿ ನಾನೇ ಇಳಿದಿದ್ದೆ ಗೌಡ್ರೇ. ನಾಕು ದಿನ. ಅಲ್ಲಿ ಬುಟ್ಟಿಲ್ಲ."

"ಬಿಟ್ಟಿಲ್ಲ ಅಂದ್ರೆ ನೀರೇ ಹಡೀತಾ?"

"ಅದು ನಂಗೊತ್ತಿಲ್ಲ. ನಾನು ಬುಟ್ಟಿಲ್ಲ. ಅಷ್ಟು ಗೊತ್ತು."

ತಾತನಿಗೆ ಕೋಪಕ್ಕಿಂತ ಹೆಚ್ಚಾಗಿ ದಾರಿ ಕಾಣದ ಸಂಕಟ. ಏನೇನೋ ಅಂದರು. ನಂಬಿ ಕೆಟ್ಟೆ ಎಂದರು. ನಿಂಗಮ್ಮ ಬಾಯಾರಿದೆ ಎಂದು ಹಿತ್ತಲಿಗೆ ಬಂದು ಬಾವಿಯ ಪಕ್ಕ ನಿಂತು ನೀರು ಕುಡಿದಳು. ಚೊಂಬು ಹಿಡಿದು ನಾನೂ ಅಲ್ಲಿದ್ದೆ. ಅವಳು ಚೊಂಬು ಹಿಂದಕ್ಕೆ ಕೊಡುತ್ತ ಒಂದು ಗಳಿಗೆ ಕಲ್ಲುಬಾನಿಯ ಕಡೆ ನೋಡಿದಳು. ಬಾನಿಯಲ್ಲಿ ಬರೀ ನೀರಿತ್ತು. ಆಮೇಲೆ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. "ಬರ್ತೀನಿ ಕಣವ್ವ" ಎಂದು ಹೇಳಿ ಅದೇ ಬಿಸಿಲಿನಲ್ಲಿ ಹೋದಳು.

ಮಾರನೆಯ ದಿನ ಭಾನುವಾರ. ಊಟವಾದ ಮೇಲೆ ತಾತ ಕಾಗದ, ಮಸಿಕುಡಿಕೆ ತಂದಿಟ್ಟು ಬರೆಯಲು ಹೇಳಿದರು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಮಹಾಸ್ವಾಮಿಯವರ ಸನ್ನಿಧಾನಕ್ಕೆ, ಹೊಸಕಟ್ಟೆಯ ಗುತ್ತಿಗೆದಾರನಾದ ನಾನು ವಿನಯಪೂರ್ವಕವಾಗಿ ಬರೆದುಕೊಳ್ಳುವುದೇನೆಂದರೆ, ದಕ್ಷಿಣ ಮೂಲೆಯಲ್ಲಿ ಕಾಣಿಸಿಕೊಂಡ ಕಳೆಗೆ ಕಾರಣ... ಅಲ್ಲಿ ತಾತ ನಿಲ್ಲಿಸಿದರು. ಎಲೆಯಡಿಕೆ ಬಾಯಿಗೆ ಹಾಕಿಕೊಂಡು, "ನಿಂಗಮ್ಮ ಎಂಬ ಕೂಲಿ ಹೆಂಗಸು ಮತ್ತು ಅವಳ ಕಡೆಯವರ ಬೇಜವಾಬ್ದಾರಿ" ಎಂದು ಹೇಳಿ, ಮುಖ ಬೀದಿಯ ಕಡೆ ತಿರುಗಿಸಿದರು.

ಅವರಿಗೆ ಹೇಳಬೇಕು ಎಂದು ಹಿಂದಿನ ದಿನದಿಂದ ಎಷ್ಟು ಸಲ ಬಾಯಿ ತೆರೆದಿದ್ದೆನೋ. ಸಾರು ಬಡಿಸುವಾಗ, ಹಾಸಿಗೆ ಮಡಿಸುವಾಗ. ಒಂದು ಸಲವೂ ಮಾತು ಹೊರಡಲಿಲ್ಲ. ಆದರೆ ಲೇಖನಿ ಕೈಯಲ್ಲಿತ್ತು. ಕಾರಣ ಎಂದು ಬರೆದಾಗಿತ್ತು. ಮುಂದೆ ಅವರು ಹೇಳಿದ್ದನ್ನು ಬರೆಯಲಿಲ್ಲ. ನನ್ನ ಹೆಂಡತಿಯು ಗೌರಿಹಬ್ಬದಲ್ಲಿ ತಿಳಿಯದೆ ಒಂದು ಗಿಡವನ್ನು ಬೇರು ಸಮೇತ ಗೌರಿಯ ಜೊತೆಯಲ್ಲಿ ಈ ನೀರಿಗೆ ಬಿಟ್ಟದ್ದೇ ಆಗಿರುತ್ತದೆ, ಕೆಲಸದ ಹೆಂಗಸರದು ಯಾವ ತಪ್ಪೂ ಇರುವುದಿಲ್ಲ ಎಂದು ಬರೆದೆ. ಒಂದು ಕಡೆ ಮಸಿ ಚೆಲ್ಲಿತು.

ತಾತ ರುಜು ಹಾಕಲು ಕೈ ಚಾಚಿದರು. ಈಗ ಕೊಟ್ಟರೆ ಹಾಕುತ್ತಾರೆ. ಅಲ್ಲಿ ಏನಿದೆಯೆಂದು ಅವರಿಗೆ ಗೊತ್ತಾಗುವುದು ಕಚೇರಿಯಲ್ಲಿ, ಎಲ್ಲರ ಎದುರಿಗೆ. ಕೊಡುವುದೋ ಹರಿದುಹಾಕುವುದೋ ಎಂದು ಕಾಗದವನ್ನು ಹಿಡಿದುಕೊಂಡೇ ಇದ್ದೆ.

"ಏನಾಯ್ತು, ಓದು" ಎಂದರು.

ಓದಿದೆ. ಶಾಲೆಯಲ್ಲಿ ಪಾಠ ಓದುತ್ತಿದ್ದ ಹಾಗೆ, ತಲೆ ಎತ್ತದೆ, ಮೊದಲಿಂದ ಕೊನೆಯವರೆಗೆ ಓದಿದೆ. ಹೇಳಲು ಬಾರದ್ದು ಓದಲು ಬಂತು.

"ಇನ್ನೊಂದ್ಸಲ ಓದು."

ಇನ್ನೊಂದು ಸಲ ಓದಿದೆ. ತಾತ ಎದ್ದುಹೋಗಿ ಎಲೆಯಡಿಕೆ ಉಗುಳಿ, ಬಾಯಿ ತೊಳೆದುಕೊಂಡು ಬಂದರು. "ಆ ಹೂವ ನಾನೂ ನೋಡಿದ್ದೆ" ಎಂದರು. "ಗೌರಮ್ಮನ ಮುಂದೆ ಕೈಮುಗಿದು ನಿಂತಾಗ ಕಣ್ಣೆದುರಿಗೇ ಇತ್ತು. ನಂಗೂ ಹೊಳೀಲಿಲ್ಲ." ಆಮೇಲೆ ಕೆಳಗೆ ಕೂತು, ಯಾವಾಗಲೂ ಮಾಡುವಂತೆ ನಾಲಗೆ ಕಚ್ಚಿಕೊಂಡು, ನಿಧಾನವಾಗಿ ರುಜು ಹಾಕಿದರು. ಹಾಕಿದ ಮೇಲೂ ಆ ಕಾಗದವನ್ನು ಬಹಳ ಹೊತ್ತು ನೋಡುತ್ತಿದ್ದರು. ಅಕ್ಷರ ಗೊತ್ತಿಲ್ಲದವರು ಕಾಗದದಲ್ಲಿ ಏನು ನೋಡುತ್ತಾರೆ ಎಂದು ಆಗ ಯೋಚಿಸಲಿಲ್ಲ. ಈಗ ಯೋಚಿಸುತ್ತೇನೆ.

ಕಚೇರಿಯಲ್ಲಿ ರಾಯರು ತಲೆ ಚಚ್ಚಿಕೊಂಡರಂತೆ. ಕೂಲಿಯವರ ಹೆಸರು ಹೇಳಿ ಮುಗಿಸುವುದನ್ನು ಬಿಟ್ಟು ಮನೆಯವಳ ಹೆಸರು ತಂದ ಕಂಟ್ರಾಕ್ಟರನ್ನು ತಾವು ಕಂಡಿಲ್ಲ ಎಂದರಂತೆ. ಬರೆದದ್ದು ಬರೆದದ್ದೇ ಆಯಿತು. ಗುತ್ತಿಗೆದಾರನ ಕಡೆಯ ತಪ್ಪು ಎಂದು ಕಡತದಲ್ಲಿ ಸೇರಿತು. ಹೊಸಕಟ್ಟೆಯನ್ನು ಸ್ವಂತ ಖರ್ಚಿನಲ್ಲಿ ಮತ್ತೆ ಶುಚಿಮಾಡಿ, ಮತ್ತೆ ಮೂರು ತಿಂಗಳು ಕಾಯಬೇಕೆಂದು ಹುಕುಂ ಬಂತು. ಮುಂದಿನ ಎರಡು ಕೆರೆಗಳು ಬೇರೆಯವರಿಗೆ ಹೋದವು.

ನಿಂಗಮ್ಮ ಹೇಳಿಕಳಿಸದೆಯೇ ಬಂದಳು, ಒಬ್ಬಳೇ. ಅವತ್ತು ನಾನು ಹಿತ್ತಲ ಬಾಗಿಲ ಸಂದಿಯಲ್ಲಿ ನಿಲ್ಲಲಿಲ್ಲ. ಸೀರೆ ಎತ್ತಿಕಟ್ಟಿ ಅವಳ ಹಿಂದೆ ನೀರಿಗೆ ಇಳಿದೆ. ಏರಿಯ ಮೇಲಿದ್ದ ತಾತ ನೋಡಿದರು, ಬೇಡ ಎನ್ನಲಿಲ್ಲ. ಕೆಸರು ಮೊಣಕಾಲವರೆಗೆ ಹಿಡಿಯುತ್ತಿತ್ತು. ಗಿಡಗಳು ಒಂದಕ್ಕೊಂದು ಹೊಕ್ಕುಳಬಳ್ಳಿಯಂಥ ಕಾಂಡದಿಂದ ಅಂಟಿಕೊಂಡಿದ್ದವು. ಒಂದನ್ನು ಎಳೆದರೆ ಹತ್ತು ಬರುತ್ತಿದ್ದವು. ಮಧ್ಯದಲ್ಲಿ ಎಲ್ಲಕ್ಕಿಂತ ದೊಡ್ಡ ಗಿಡವನ್ನು ನಿಂಗಮ್ಮ ಎತ್ತಿ, ನೀರಿಳಿಸಿ, ನನ್ನ ಕಡೆ ಚಾಚಿದಳು. ಅದರ ಬುಡದಲ್ಲಿ ದಾರ ಇತ್ತು. ಅರಿಶಿನ ಹೋಗಿ ಬಿಳಿಚಿಕೊಂಡಿತ್ತು, ಗಂಟು ಹಾಗೇ ಇತ್ತು. ನಾನು ಹಾಕಿದ ಗಂಟು.

ಬಾನಿ ಬರಿದಾಗಿದ್ದದ್ದು ನಿನಗೆ ಅವತ್ತೇ ಕಂಡಿತ್ತಲ್ಲ, ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳ ಜೊತೆ ನಾನಾಗಿ ಆಡಿದ ಮೊದಲ ದೊಡ್ಡ ಮಾತು ಅದೇ ಇರಬೇಕು.

"ಏನಂತ ಏಳ್ಲಿ?" ಎಂದಳು. "ತಂದ್ಕೊಟ್ಟೋಳು ನಾನೇ ಅಲ್ವಾ ಕಣವ್ವ."

ಸಂಜೆ ಬಂಡೆಯ ಮೇಲೆ ಎಲ್ಲವನ್ನೂ ಬೇರು ಮೇಲೆ ಮಾಡಿ ಹರಡಿದೆವು. ಸತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ ಎಂದು ಆಗ ಅವಳು ನನಗೆ ತೋರಿಸಿಕೊಟ್ಟಳು.

ಮುಂದಿನ ವರ್ಷ ಕಡಕೊಳದ ಕೆರೆ ಹಿಡಿದವರು ನಿಂಗಮ್ಮನ ಕಡೆಯವರನ್ನೇ ಕರೆದರು. ಕೆಲಸದ ಹೆಂಗಸರದು ತಪ್ಪಿಲ್ಲ ಎಂದು ಕಡತದಲ್ಲಿ ಇದ್ದದ್ದನ್ನು ರಾಯರೇ ಅವರಿಗೆ ಹೇಳಿದ್ದರಂತೆ. ಆ ದಾರಿಯಲ್ಲಿ ಹೋಗುವಾಗೆಲ್ಲ ಅವಳು ನಮ್ಮ ಮನೆಯ ಮುಂದೆ ನಿಂತು ಮಜ್ಜಿಗೆ ಕುಡಿದು ಹೋಗುತ್ತಿದ್ದಳು. ತಾತ ಮತ್ತೆ ಗಾಡಿ ಹೊಡೆದರು. ಸರ್ಕಾರದ ಕೆಲಸ ಸಿಗಲು ಆಮೇಲೆ ನಾಲ್ಕು ವರ್ಷ ಹಿಡಿಯಿತು. ಆ ಎರಡು ಕೆರೆಗಳ ಮಾತನ್ನು ಅವರು ಯಾವತ್ತೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಆದರೆ ಹೊಸಕಟ್ಟೆಯ ಆ ವರ್ಷವೇ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ, ಎತ್ತುಗಳಿಗೆ ಹುಲ್ಲು ಹಾಕಿ ಬಂದವರು, ಅಂಗಡಿಯಿಂದ ತಂದ ಒಂದು ಸ್ಲೇಟನ್ನು ಒಲೆಯ ಪಕ್ಕ ಇಟ್ಟರು. ಎಷ್ಟೋ ವಾರದಿಂದ ಕೇಳದ ಆ ಹೆಸರನ್ನು ಅವತ್ತು ಮತ್ತೆ ಕೇಳಿದೆ.

"ಮೇಷ್ಟ್ರೇ, ನಂಗೂ ಹೇಳ್ಕೊಡಿ. ರುಜು ಹಾಕೋ ಮುಂಚೆ ನಾನೇ ಒಂದ್ಸಲ ಓದ್ಕೊಬೇಕು."

ನನ್ನನ್ನು ಕ್ಷಮಿಸಿ ಕೇಳಿದರೋ, ಇನ್ನು ಮುಂದೆ ನಂಬಬಾರದೆಂದು ಕೇಳಿದರೋ ನನಗೆ ಗೊತ್ತಾಗಲಿಲ್ಲ. ಕೇಳಿ ತಿಳಿದುಕೊಳ್ಳುವ ಧೈರ್ಯವೂ ಬರಲಿಲ್ಲ. ಸ್ಲೇಟಿನ ಮೇಲೆ ಮೊದಲು ಅವರ ಹೆಸರನ್ನೇ ಬರೆದು ತೋರಿಸಿದೆ. ಅವರು ಅದರ ಮೇಲೆ ಬೆರಳಾಡಿಸಿ, ಒಂದೊಂದು ಅಕ್ಷರಕ್ಕೂ ಇದೇನು ಎಂದು ಕೇಳಿದರು. ಬಾಯಲ್ಲಿ ಹೇಳದೆ ಕಲಿಸುವುದು ಹೇಗೆ? ಹೇಳಿದೆ. ಬಿಡಿ ಬಿಡಿ ಅಕ್ಷರವಾಗಿ.

ಶುಭ, ನೀನು ತಂದ ಹೂವನ್ನು ನಾನು ಎಸೆದಿಲ್ಲ. ಗೊಂಚಲನ್ನು ಬಿಡಿಸಿ ನಿನ್ನ ನಿಘಂಟಿನ ನಡುವೆ ಇಟ್ಟಿದ್ದೇನೆ. ಗಿಡ ಮಾತ್ರ ಮೇಲಿದೆ. ನಾಳೆ ಮಧ್ಯಾಹ್ನ ಕಾಲೇಜಿನಿಂದ ಬಂದ ಮೇಲೆ ಹೋಗಿ ಒಂದು ಬೇರನ್ನು ಬೆರಳಲ್ಲಿ ಮಡಿಸಿ ನೋಡು. ಲಟ್ಟೆಂದು ಮುರಿದರೆ ಸತ್ತಿದೆ, ಗುಲಾಬಿಯ ಬುಡಕ್ಕೆ ಹಾಕಬಹುದು. ಬಾಗಿದರೆ ಇನ್ನೂ ಜೀವ ಇದೆ. ಇನ್ನೊಂದು ದಿನ ಬಿಸಿಲಿಗೆ ಬಿಡು, ಬೇರು ಮೇಲೆ ಮಾಡಿಯೇ ಬಿಡು.